ರಕ್ತದೊಳಗಿನ ಬ್ಯಾಕ್ಟೀರಿಯಾ, ಡಿಎನ್‌ಎ ಟೆಸ್ಟ್: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ಸೆಪ್ಸಿಸ್ ಬಗ್ಗೆ ಬರೆದಿದ್ದೆ, ಅಂದ್ರೆ ಸೋಂಕಿನ ವಿರುದ್ಧ ಎದ್ದ ದೇಹ ಹತೋಟಿ ತಪ್ಪಿ ತನ್ನ ಅಂಗಾಂಗಗಳಿಗೇ ಹಾನಿ ಮಾಡ್ಕೊಳ್ಳೋ ಸ್ಥಿತಿ. 2017ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 4.9 ಕೋಟಿ ಜನಕ್ಕೆ ಸೆಪ್ಸಿಸ್ ಆಗಿ 1.1 ಕೋಟಿ ಜನ ಸತ್ತಿದ್ರು ಅನ್ನೋ ಅಂದಾಜು ಓದಿ ತುಂಬಾ ಜನ ಗಾಬರಿಯಾಗಿ ಬರೆದಿದ್ದೀರಿ. ಪತ್ರಗಳಲ್ಲಿ ಮುಕ್ಕಾಲು ಪಾಲು ರಕ್ತದಲ್ಲಿರೋ ಬ್ಯಾಕ್ಟೀರಿಯಾನ ಬೇಗ ಪತ್ತೆ ಮಾಡೋ ಡಿಎನ್‌ಎ ಟೆಸ್ಟ್ ಬಗ್ಗೆನೇ ಇರೋದ್ರಿಂದ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ನಮ್ಮ ತಂದೆಗೆ ವಿಪರೀತ ಜ್ವರ ಬಂದು ಬಿಪಿ ಬಿದ್ದುಹೋಗಿ ಐಸಿಯುಗೆ ಸೇರಿಸಿದ್ವಿ. ಎರಡೂ ಕೈಯಿಂದ ರಕ್ತ ತೆಗೆದು ಬಾಟಲಿಗೆ ತುಂಬಿದ್ರು. ರಿಪೋರ್ಟ್ ಯಾವಾಗ ಅಂದ್ರೆ "ಎರಡು ದಿನ ಆಗ್ಬಹುದು, ಐದು ದಿನನೂ ಆಗ್ಬಹುದು" ಅಂದ್ರು. ಕೋವಿಡ್ ಟೈಮಲ್ಲಿ ಪಿಸಿಆರ್ ರಿಪೋರ್ಟ್ ಅವತ್ತೇ ಬರ್ತಿತ್ತಲ್ಲ ಡಾಕ್ಟ್ರೇ, ಜೀವ ಹೋಗೋ ಕಾಯಿಲೆಗೆ ಯಾಕೆ ಅದೇ ಥರ ಮಾಡಲ್ಲ?

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಐಸಿಯು ಬಾಗಿಲ ಹತ್ರ ಕೂತವರಿಗೆ ಎರಡು ದಿನ ಅನ್ನೋದು ಸಣ್ಣ ಮಾತಲ್ಲ.

ಆ ಬಾಟಲಿಯೊಳಗೆ ಏನಾಗತ್ತೆ ಅಂತ ಮೊದ್ಲು ಹೇಳ್ತೀನಿ. ಅದ್ರಲ್ಲಿ ಬ್ಯಾಕ್ಟೀರಿಯಾ ಬೆಳೆಯೋಕೆ ಬೇಕಾದ ಆಹಾರದ ದ್ರವ ಇರತ್ತೆ, ರಕ್ತ ಹಾಕಿ ಮೈಯಷ್ಟೇ ಬೆಚ್ಚಗಿರೋ ಮಷೀನಲ್ಲಿ ಇಡ್ತಾರೆ. ಬ್ಯಾಕ್ಟೀರಿಯಾ ಇದ್ರೆ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ತಾ ಹೋಗಿ ಕಾರ್ಬನ್ ಡೈಆಕ್ಸೈಡ್ ಬಿಡತ್ತೆ, ಬಾಟಲಿ ತಳದಲ್ಲಿರೋ ಸೆನ್ಸರ್ ಅದನ್ನ ಹಿಡಿಯತ್ತೆ (ಒಂದು ಜಾತಿ ಬಾಟಲಿಲಿ ತಳ ಹಳದಿಗೆ ತಿರುಗೋದು ಕಣ್ಣಿಗೇ ಕಾಣತ್ತೆ), ಮಷೀನು ಹತ್ತು ನಿಮಿಷಕ್ಕೊಂದ್ಸಲ ಎಲ್ಲಾ ಬಾಟಲಿ ನೋಡಿ ಸಂಶಯ ಬಂದ ತಕ್ಷಣ ಬೀಪ್ ಅನ್ನತ್ತೆ. ಪಾಸಿಟಿವ್ ಆಗೋ ಬಾಟಲಿಗಳಲ್ಲಿ ಹೆಚ್ಚಿನವು ಮೊದಲ ಎರಡು ದಿನದೊಳಗೇ ಆಗ್ತವೆ, ನಿಧಾನವಾಗಿ ಬೆಳೆಯೋವು ಇರಬಹುದು ಅಂತ ಐದು ದಿನ ಕಾಯ್ತಾರೆ. ಬೀಪ್ ಬಂದ ಮೇಲೂ ಕೆಲಸ ಇದೆ: ಗ್ರಾಮ್ ಸ್ಟೇನ್ ಮಾಡಿ (ಬಣ್ಣ ಹಾಕಿ) ಮೈಕ್ರೋಸ್ಕೋಪಲ್ಲಿ ನೋಡ್ಬೇಕು, ಪ್ಲೇಟಲ್ಲಿ ರಾತ್ರಿಯಿಡೀ ಬೆಳೆಸ್ಬೇಕು, ಯಾವ ಜಾತಿ ಅಂತ ಗುರುತಿಸ್ಬೇಕು, ಯಾವ ಆಂಟಿಬಯೋಟಿಕ್‌ಗೆ ಬಗ್ಗತ್ತೆ ಅಂತ ನೋಡ್ಬೇಕು.

ಈಗ ಪಿಸಿಆರ್ ವಿಷಯ, ಅಂದ್ರೆ ಡಿಎನ್‌ಎ ತುಣುಕನ್ನ ಮತ್ತೆ ಮತ್ತೆ ಪ್ರತಿ ಮಾಡಿ ಹೆಚ್ಚಿಸಿ ಪತ್ತೆ ಹಚ್ಚೋ ಟೆಸ್ಟ್. ಕೋವಿಡ್ ಜೋರಾಗಿದ್ದಾಗ ಮೂಗು ಗಂಟಲಿನ ಸ್ವಾಬಲ್ಲಿ ವೈರಸ್ ಪ್ರತಿಗಳು ಲಕ್ಷಗಟ್ಟಲೆ ಇರ್ತಿದ್ವು, ಅದಕ್ಕೇ ಒಂದು ಚೂರು ಸ್ಯಾಂಪಲ್ ಸಾಕಾಗ್ತಿತ್ತು. ಆದ್ರೆ ರಕ್ತದ ಸೋಂಕಲ್ಲಿ, ರೋಗಿ ಸಾವು ಬದುಕಿನ ಮಧ್ಯೆ ಇದ್ರೂ, ಬೆಳೆಯಬಲ್ಲ ಬ್ಯಾಕ್ಟೀರಿಯಾ ಒಂದು ಎಂಎಲ್‌ಗೆ ಹತ್ತರೊಳಗೆ ಇರೋದೇ ಹೆಚ್ಚು, ದೊಡ್ಡವರಲ್ಲಿ ಎಷ್ಟೋ ಸಲ ಒಂದಕ್ಕಿಂತಾನೂ ಕಡಿಮೆ. ಇಷ್ಟು ಕಡಿಮೆ ಬ್ಯಾಕ್ಟೀರಿಯಾ ಇಷ್ಟು ದೊಡ್ಡ ಅನಾಹುತ ಮಾಡತ್ತೆ ಅನ್ನೋದು ಇಷ್ಟು ವರ್ಷ ಇದೇ ಕೆಲಸ ಮಾಡ್ತಿದ್ರೂ ನನ್ನನ್ನ ಬೆಚ್ಚಿಬೀಳಿಸತ್ತೆ.

ಅದ್ರ ಜೊತೆಗೆ ಅದೇ ಒಂದು ಎಂಎಲ್‌ನಲ್ಲಿ ನಮ್ಮದೇ ಬಿಳಿ ರಕ್ತಕಣಗಳು 40 ಲಕ್ಷದಿಂದ 1.1 ಕೋಟಿವರೆಗೂ ಇರ್ತವೆ, ಸೋಂಕಿದ್ರೆ ಇನ್ನೂ ಜಾಸ್ತಿ. ಒಂದೊಂದು ಕಣದಲ್ಲೂ ಸುಮಾರು 640 ಕೋಟಿ ಡಿಎನ್‌ಎ ಅಕ್ಷರ, ಇ ಕೊಲೈ ಅನ್ನೋ ಬ್ಯಾಕ್ಟೀರಿಯಾದಲ್ಲಿ ಬರೀ 46 ಲಕ್ಷ. ಲೆಕ್ಕ ಹಾಕಿದ್ರೆ 50 ಲಕ್ಷ ಬಿಳಿ ಕಣದ ಮಧ್ಯೆ ಒಂದು ಇ ಕೊಲೈ ಇದ್ರೆ ಮನುಷ್ಯನ ಡಿಎನ್‌ಎ ಅದರದ್ದಕ್ಕಿಂತ ಸುಮಾರು 700 ಕೋಟಿ ಪಟ್ಟು. ಇದರೊಳಗಿಂದ ಆ ಒಂದನ್ನ ಹೆಕ್ಕೋ ಟೆಸ್ಟ್ ಬೇಕು, ಅದೂ ಇಲ್ಲದ್ದನ್ನ ಇದೆ ಅಂತ ತೋರಿಸ್ಬಾರದು. ಕಷ್ಟ ಇರೋದು ಇಲ್ಲೇ.

ಹಾಗಂತ ಏನೂ ಇಲ್ಲ ಅಂತಲ್ಲ. ಈಗ ಎರಡು ದಾರಿ ಬಳಕೇಲಿವೆ. ಒಂದು, ಬಾಟಲಿ ಬೀಪ್ ಅಂದ ಮೇಲೆ ಅದರೊಳಗಿನ ದ್ರವದಿಂದ ಮಾಡೋ ಮಲ್ಟಿಪ್ಲೆಕ್ಸ್ ಪಿಸಿಆರ್, ಅಂದ್ರೆ ಹಲವು ಜಾತಿನ ಒಟ್ಟಿಗೇ ಹುಡುಕೋದು. ಅಷ್ಟೊತ್ತಿಗೆ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಆಗಿರತ್ತೆ, ಹಾಗಾಗಿ ಒಂದು ಗಂಟೆ ಚಿಲ್ಲರೇಲಿ ಹೆಸರು ಸಿಗತ್ತೆ, ಪ್ಲೇಟ್ ಮೇಲೆ ಬೆಳೆಸೋ ಒಂದು ದಿನ ಉಳಿಯತ್ತೆ. ಇನ್ನೊಂದು, ಕಲ್ಚರ್‌ಗೆ (ಹೀಗೆ ಬಾಟಲಿಲಿ ಬೆಳೆಸೋದಕ್ಕೆ) ಕಾಯದೆ ನೇರ ರಕ್ತದಿಂದಲೇ ಮಾಡೋದು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಾಗ ಟಿ2ಬ್ಯಾಕ್ಟೀರಿಯಾ ಅನ್ನೋ ಟೆಸ್ಟ್ ಪಿಸಿಆರ್ ಜೊತೆ ಮ್ಯಾಗ್ನೆಟಿಕ್ ರೆಸೊನೆನ್ಸ್ ಬಳಸಿ ಮೂರರಿಂದ ಐದು ಗಂಟೇಲಿ ಐದು ಜಾತಿ ಬ್ಯಾಕ್ಟೀರಿಯಾ ಹುಡುಕ್ತಿತ್ತು. ಇಂಥ ಟೆಸ್ಟಿನ ಪಟ್ಟೀಲಿ ಇರೋದು ಕೆಲವೇ ಜಾತಿ ಅನ್ನೋದು ನೆನಪಿರ್ಲಿ, ಪಟ್ಟೀಲಿ ಇಲ್ಲದ್ದು ನಿಮ್ಮ ತಂದೆ ರಕ್ತದಲ್ಲಿದ್ರೆ ಆ ಟೆಸ್ಟ್ ಏನೂ ಹೇಳಲ್ಲ.

ಇನ್ನೊಂದು ಮಾತು ನಿಮಗೆ ಸಮಾಧಾನಕ್ಕೆ. ರಿಪೋರ್ಟ್ ಬರೋವರೆಗೂ ಡಾಕ್ಟರ್ ಕೈಕಟ್ಟಿ ಕೂರಲ್ಲ. ಸೆಪ್ಟಿಕ್ ಶಾಕ್ (ಸೆಪ್ಸಿಸ್‌ನಿಂದ ಬಿಪಿ ಬಿದ್ದುಹೋಗೋದು) ಅನ್ನೋ ಅನುಮಾನ ಇದ್ರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರು ಮಾಡ್ಬೇಕು ಅನ್ನೋದು 2021ರ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ ಮಾರ್ಗಸೂಚಿ. ಮೊದ್ಲು ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ತಾಗೋ ಔಷಧಿ ಕೊಡ್ತಾರೆ, ರಿಪೋರ್ಟ್ ಬಂದ ಮೇಲೆ ಬದಲಾಯಿಸ್ತಾರೆ. ಆ ಬದಲಾವಣೆ ಎರಡು ದಿನದ ಬದಲು ಅರ್ಧ ದಿನದಲ್ಲಿ ಆಗ್ಬೇಕು ಅನ್ನೋದಕ್ಕೇ ಈ ಡಿಎನ್‌ಎ ಟೆಸ್ಟ್ ಪ್ರಯತ್ನ ಎಲ್ಲಾ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಒಂದೊಂದು ಕೈಯಿಂದ 20 ಎಂಎಲ್ ರಕ್ತ ತೆಗೀರಿ ಅಂತಾರೆ, ರೋಗಿ ಕಡೆಯವರು ಜಗಳಕ್ಕೆ ಬರ್ತಾರೆ. ಡಿಎನ್‌ಎ ಟೆಸ್ಟ್ ಬಂದ್ರೆ ಒಂದು ಹನಿ ಸಾಕಾಗತ್ತೆ ಅಲ್ವಾ ಮೇಡಂ?

ಇಲ್ಲ ಸಿಸ್ಟರ್, ಸಾಕಾಗಲ್ಲ, ಡಿಎನ್‌ಎ ಟೆಸ್ಟ್ ಬಗ್ಗೆ ಜನಕ್ಕಿರೋ ದೊಡ್ಡ ತಪ್ಪು ಕಲ್ಪನೆನೇ ಇದು. ಐದು ಎಂಎಲ್‌ಗೆ ಒಂದು ಬ್ಯಾಕ್ಟೀರಿಯಾ ಇರೋ ರೋಗಿಯಿಂದ ಒಂದು ಎಂಎಲ್ ತೆಗೆದ್ರೆ ಅದರೊಳಗೆ ಆ ಬ್ಯಾಕ್ಟೀರಿಯಾ ಇರೋ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ಕಡಿಮೆ. ಟ್ಯೂಬೊಳಗೆ ಬರದೇ ಇರೋದನ್ನ ಎಂಥ ಪಿಸಿಆರೂ ಕಂಡುಹಿಡಿಯಲ್ಲ.

ಕಲ್ಚರಲ್ಲೂ ಇದೇ ಕಥೆ. ದೊಡ್ಡವರಲ್ಲಿ ಪ್ರತಿ ಹೆಚ್ಚಿನ ಎಂಎಲ್‌ಗೆ ಬ್ಯಾಕ್ಟೀರಿಯಾ ಸಿಗೋ ಸಾಧ್ಯತೆ ಸುಮಾರು ಶೇಕಡಾ 3ರಷ್ಟು ಏರತ್ತೆ. 2007ರ ಒಂದು ಅಧ್ಯಯನದಲ್ಲಿ ಒಂದೇ ಸೆಟ್ (ಒಂದು ಸಲ ಚುಚ್ಚಿ ತುಂಬಿದ ಬಾಟಲಿಗಳು) ಕಲ್ಚರಲ್ಲಿ ಶೇಕಡಾ 73ರಷ್ಟು ಸೋಂಕು ಸಿಕ್ಕಿದ್ವು, ಎರಡು ಸೆಟ್ ಆದ್ರೆ ಸುಮಾರು 90, ಮೂರಾದ್ರೆ 98. ಅಂದ್ರೆ ನೀವು ಎರಡನೇ ಕೈಗೆ ಸೂಜಿ ಚುಚ್ಚಿದ್ದಕ್ಕೆ ನೂರರಲ್ಲಿ ಹದಿನಾರು ಹದಿನೇಳು ಜನರ ಸೋಂಕು ತಪ್ಪಿಹೋಗದೆ ಸಿಗತ್ತೆ. ಮನೆಯವರಿಗೆ ಇದನ್ನೇ ಹೇಳಿ, ಅರ್ಥ ಆಗತ್ತೆ.

ಚರ್ಮ ಶುಚಿ ಮಾಡೋದಂತೂ ಡಿಎನ್‌ಎ ಟೆಸ್ಟ್ ಬಂದ ಮೇಲೆ ಇನ್ನೂ ಮುಖ್ಯ. ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಹಾಕಿ ಮೂವತ್ತು ಸೆಕೆಂಡ್ ಉಜ್ಜಿ ಒಣಗೋಕೆ ಬಿಡಿ, ಒಣಗಿದ ಮೇಲೆ ಬೆರಳಿಂದ ಮತ್ತೆ ನರ ಮುಟ್ಟಿ ನೋಡ್ಬೇಡಿ, ಬಾಟಲಿ ಮುಚ್ಚಳ ತೆಗೆದ ಮೇಲೆ ಒಳಗಿನ ರಬ್ಬರ್ ಒರೆಸಿ, ಆದಷ್ಟೂ ಹಳೇ ಕ್ಯಾನುಲಾದಿಂದ ರಕ್ತ ಎಳೀಬೇಡಿ. ಚರ್ಮದ ಬ್ಯಾಕ್ಟೀರಿಯಾ ಸೇರ್ಕೊಂಡು ಸುಳ್ಳು ಪಾಸಿಟಿವ್ ಆಗೋದು ಶೇಕಡಾ 3 ದಾಟಬಾರದು ಅಂತ ಬಹಳ ಕಾಲದಿಂದ ಇದ್ದ ಅಳತೆ, ಈಗ 1ಕ್ಕೆ ಇಳಿಸೋ ಗುರಿ ಇಟ್ಕೊಂಡಿದ್ದಾರೆ.

ಆಮೇಲೆ ರಕ್ತ ತೆಗೆದ ಮೇಲೇ ಆಂಟಿಬಯೋಟಿಕ್. 2019ರಲ್ಲಿ ಬಂದ ಅಧ್ಯಯನವೊಂದರಲ್ಲಿ ತೀವ್ರ ಸೆಪ್ಸಿಸ್ ರೋಗಿಗಳಿಗೆ ಔಷಧಿ ಕೊಡೋ ಮುಂಚೆ ತೆಗೆದ ರಕ್ತದಲ್ಲಿ ಶೇಕಡಾ 31 ಕಲ್ಚರ್ ಪಾಸಿಟಿವ್, ಅದೇ ರೋಗಿಗಳಿಗೆ ಔಷಧಿ ಕೊಟ್ಟು ಎರಡು ಗಂಟೆಯೊಳಗೆ ತೆಗೆದಿದ್ರಲ್ಲಿ ಬರೀ 19. ರಕ್ತ ಸಿಗ್ತಿಲ್ಲ ಅಂತ ಔಷಧಿನ ತುಂಬಾ ಹೊತ್ತು ತಡ ಮಾಡೋದೂ ತಪ್ಪೇ, ಅದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ನಾನು ಲ್ಯಾಬ್ ಟೆಕ್ನಾಲಜಿ ಕೊನೇ ವರ್ಷ. ಪ್ರಾಜೆಕ್ಟಿಗೆ ರಕ್ತಕ್ಕೆ ಇ ಕೊಲೈ ಬೆರೆಸಿ 16ಎಸ್ (ಎಲ್ಲಾ ಬ್ಯಾಕ್ಟೀರಿಯಾದಲ್ಲೂ ಇರೋ ಒಂದು ಜೀನ್) ಪಿಸಿಆರ್ ಮಾಡ್ತಿದ್ದೀನಿ. ಎಂಎಲ್‌ಗೆ 1000 ಇದ್ರೆ ಚೆನ್ನಾಗಿ ಬರತ್ತೆ, 10 ಇದ್ರೆ ಏನೂ ಬರಲ್ಲ. ಅದಕ್ಕಿಂತ ತಲೆನೋವು ಅಂದ್ರೆ ಬ್ಯಾಕ್ಟೀರಿಯಾನೇ ಹಾಕದ ಬ್ಲ್ಯಾಂಕಲ್ಲೂ ಕೊನೇಲಿ ಸಿಗ್ನಲ್ ಬರ್ತಿದೆ. ಗೈಡ್ "ಕಿಟ್ ಬದಲಾಯಿಸು" ಅಂತಾರೆ. ಏನ್ ಮಾಡ್ಲಿ?

ಈ ಪತ್ರ ಓದಿ ತುಂಬಾ ಖುಷಿಯಾಯ್ತು, ಬ್ಲ್ಯಾಂಕಲ್ಲಿ ಬಂದದ್ದನ್ನ ಮುಚ್ಚಿಡದೆ ಕೇಳಿದ್ದಕ್ಕೆ. ಕಿಟ್ ಬದಲಾಯಿಸೋ ಮುಂಚೆ ಒಂದು ಪೇಪರ್ ತಗೊಂಡು ಲೆಕ್ಕ ಬರೀರಿ. ಸಾಮಾನ್ಯ ಕಿಟ್‌ಗಳಲ್ಲಿ 200 ಮೈಕ್ರೋಲೀಟರ್ ರಕ್ತ ಹಾಕ್ತೀವಿ. ಎಂಎಲ್‌ಗೆ 10 ಅಂದ್ರೆ ಅದರಲ್ಲಿ ಇರೋದು 2 ಬ್ಯಾಕ್ಟೀರಿಯಾ. ಒಂದು ಚೂರೂ ಹಾಳಾಗ್ದೆ ಡಿಎನ್‌ಎ ಪೂರ್ತಿ ಸಿಕ್ತು ಅಂತಾನೇ ಇಟ್ಕೊಳ್ಳಿ, 100 ಮೈಕ್ರೋಲೀಟರಲ್ಲಿ ಇಳಿಸಿ 5 ಮೈಕ್ರೋಲೀಟರ್ ಪಿಸಿಆರ್‌ಗೆ ಹಾಕಿದ್ರೆ ಅಲ್ಲಿಗೆ ಹೋಗಿದ್ದು 0.1 ಬ್ಯಾಕ್ಟೀರಿಯಾದ ಡಿಎನ್‌ಎ. ಇ ಕೊಲೈಯಲ್ಲಿ 16ಎಸ್ ಜೀನಿನ 7 ಪ್ರತಿ ಇರೋದ್ರಿಂದ ಸ್ವಲ್ಪ ಬಚಾವ್, ಆದ್ರೂ ಟ್ಯೂಬಿಗೆ ಸರಾಸರಿ ಒಂದು ಪ್ರತಿನೂ ತಲುಪಿಲ್ಲ. ಸರಾಸರಿ ಸರಿಯಾಗಿ ಒಂದೇ ಇದ್ರೂ ನೂರು ಟ್ಯೂಬಲ್ಲಿ 37ರಲ್ಲಿ ಏನೂ ಇರಲ್ಲ, ಅದು ಪಾಯ್ಸಾನ್ ಲೆಕ್ಕ, ಅಪರೂಪದ್ದು ಆಕಸ್ಮಿಕವಾಗಿ ಹಂಚಿಹೋಗೋದರ ಗಣಿತ. ನಿಮ್ಮ ಪಿಸಿಆರ್ ಸರಿಯಾಗೇ ಇದೆ, ಅದಕ್ಕೆ ಕೊಟ್ಟಿದ್ದು ಸಾಲದು ಅಷ್ಟೇ.

ಈಗ 5 ಎಂಎಲ್ ರಕ್ತದಿಂದ ಶುರು ಮಾಡಿ, 50 ಮೈಕ್ರೋಲೀಟರಲ್ಲಿ ಇಳಿಸಿ, 10 ಹಾಕಿ. ಅದೇ ಎಂಎಲ್‌ಗೆ 10 ಇದ್ರೂ ಈಗ ಟ್ಯೂಬಿಗೆ 10 ಬ್ಯಾಕ್ಟೀರಿಯಾ ಹೋಗತ್ತೆ, ನೂರು ಪಟ್ಟು ವ್ಯತ್ಯಾಸ, ಪ್ರೈಮರ್ (ಯಾವ ಡಿಎನ್‌ಎ ಪ್ರತಿ ಮಾಡ್ಬೇಕು ಅಂತ ಗುರುತಿಸೋ ಸಣ್ಣ ತುಣುಕು) ಮುಟ್ಟದೆ. ಆದ್ರೆ ರಕ್ತ ಹೆಚ್ಚಿಸಿದ್ರೆ ಮನುಷ್ಯನ ಡಿಎನ್‌ಎನೂ ಅಷ್ಟೇ ಹೆಚ್ಚಿ ಕಾಲಮ್ (ಡಿಎನ್‌ಎನ ಹಿಡಿದಿಡೋ ಸಣ್ಣ ಕೊಳವೆ) ಕಟ್ಕೊಳ್ಳತ್ತೆ, ಅದಕ್ಕೇ ಮೊದ್ಲು ಅದನ್ನ ತೆಗೀಬೇಕು. ಸಪೋನಿನ್ ಥರದ ಮೆದು ಡಿಟರ್ಜೆಂಟ್ ಹಾಕಿದ್ರೆ ನಮ್ಮ ಕಣಗಳು ಒಡೀತವೆ, ಬ್ಯಾಕ್ಟೀರಿಯಾಕ್ಕೆ ಗೋಡೆ ಇರೋದ್ರಿಂದ ಉಳ್ಕೊಳ್ಳತ್ತೆ, ಹೊರಗೆ ಚೆಲ್ಲಿದ ಡಿಎನ್‌ಎನ ಡಿಎನೇಸ್ ಎಂಜೈಮ್ ತಿಂದುಹಾಕತ್ತೆ, ಆಮೇಲೆ ಸೆಂಟ್ರಿಫ್ಯೂಜ್ ಮಾಡಿ ಬ್ಯಾಕ್ಟೀರಿಯಾನ ತಳಕ್ಕಿಳಿಸಿ ಚೆನ್ನಾಗಿ ತೊಳೀರಿ. ಡಿಎನೇಸ್ ಚೂರು ಉಳಿದ್ರೂ ನಿಮಗೆ ಬೇಕಾದ ಡಿಎನ್‌ಎನೂ ಹೋಯ್ತು ಅಂತಾನೇ. ಈ ವಿಧಾನಕ್ಕೊಂದು ಬೆಲೆ ಇದೆ, ಆಂಟಿಬಯೋಟಿಕ್ ಬಿದ್ದು ಆಗಲೇ ಗೋಡೆ ಹರಿದಿರೋ ಬ್ಯಾಕ್ಟೀರಿಯಾ ಕೂಡ ಇದರಲ್ಲಿ ತೊಳೆದುಹೋಗತ್ತೆ. ಲ್ಯಾಬಲ್ಲಿ ಬೆಳೆಸಿ ಬೆರೆಸಿದ ಗಟ್ಟಿಮುಟ್ಟಾದ ಇ ಕೊಲೈ ಜೊತೆ ಇದು ಗೊತ್ತೇ ಆಗಲ್ಲ, ರೋಗಿ ರಕ್ತ ಬಂದಾಗ ಗೊತ್ತಾಗತ್ತೆ. ಪ್ರಾಜೆಕ್ಟ್ ರಿಪೋರ್ಟಲ್ಲಿ ಈ ಮಿತಿ ಬರೀರಿ.

ಇ ಕೊಲೈ ಗೋಡೆ ತೆಳು, ಸುಲಭಕ್ಕೆ ಒಡೆಯತ್ತೆ. ಸ್ಟಫೈಲೋಕಾಕಸ್ ಆರಿಯಸ್ ಹಾಗಲ್ಲ, ಲೈಸೋಜೈಮ್‌ಗೆ ಬಗ್ಗಲ್ಲ, ಲೈಸೋಸ್ಟಫಿನ್ ಬೇಕು, ಇಲ್ಲಾ ಸಣ್ಣ ಮಣಿ ಹಾಕಿ ಜೋರಾಗಿ ಕುಲುಕಿ ಒಡೀಬೇಕು. ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡಿ. ಒಂದೇ ಇ ಕೊಲೈ ಇಟ್ಕೊಂಡು "ನಮ್ಮ ವಿಧಾನ ಬ್ಯಾಕ್ಟೀರಿಯಾ ಪತ್ತೆ ಮಾಡತ್ತೆ" ಅಂತ ಬರೆಯೋ ಪೇಪರ್‌ಗಳ ಬಗ್ಗೆ ನನಗೆ ತುಂಬಾ ಬೇಜಾರಿದೆ.

ಪಿಸಿಆರನ್ನ ತಡೆಯೋ ವಸ್ತುಗಳೂ ರಕ್ತದಲ್ಲಿ ಕಡಿಮೆ ಇಲ್ಲ, ಹಿಮೋಗ್ಲೋಬಿನ್, ಐಜಿಜಿ, ಲ್ಯಾಕ್ಟೋಫೆರಿನ್ ಎಲ್ಲವೂ ಅಡ್ಡ ಬರ್ತವೆ. ಹೆಪಾರಿನ್ ಟ್ಯೂಬಲ್ಲಿ ರಕ್ತ ತಗೋಬೇಡಿ, ಇಡಿಟಿಎ ಟ್ಯೂಬ್ ತಗೊಳ್ಳಿ. ಮುಂದೆ ಯಾವಾಗಾದ್ರೂ ಕಲ್ಚರ್ ಬಾಟಲಿಯಿಂದ ಮಾಡೋದಾದ್ರೆ ಅದರಲ್ಲಿ ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ ಎಸ್‌ಪಿಎಸ್ ಅನ್ನೋ ರಾಸಾಯನಿಕ ಹಾಕಿರ್ತಾರೆ, ಅದು ಡಿಎನ್‌ಎ ಜೊತೆಗೇ ಅಂಟ್ಕೊಂಡು ಬಂದು ಪಿಸಿಆರ್ ನಿಲ್ಲಿಸತ್ತೆ, 1998ರಲ್ಲಿ ಫ್ರೆಡ್ರಿಕ್ಸ್ ಮತ್ತು ರೆಲ್ಮನ್ ಅನ್ನೋರು ಬೆಂಜೈಲ್ ಆಲ್ಕೋಹಾಲ್ ಬಳಸಿ ಅದನ್ನ ಬೇರ್ಪಡಿಸೋ ದಾರಿ ತೋರಿಸಿದ್ರು. ನಿಮ್ಮ ಸ್ಯಾಂಪಲಲ್ಲಿ ತಡೆ ಇದೆಯಾ ಅಂತ ತಿಳ್ಕೊಳ್ಳೋಕೆ ರಕ್ತಕ್ಕೆ ಸಂಬಂಧವೇ ಇಲ್ಲದ ಒಂದು ಡಿಎನ್‌ಎ ತುಣುಕನ್ನ ಗೊತ್ತಿರೋ ಪ್ರಮಾಣದಲ್ಲಿ ಪ್ರತಿ ಟ್ಯೂಬಿಗೂ ಹಾಕಿ. ಅದೂ ಬರಲಿಲ್ಲ ಅಂದ್ರೆ ಆ ರಿಸಲ್ಟ್ ನೆಗೆಟಿವ್ ಅಲ್ಲ, ಟೆಸ್ಟೇ ಆಗಿಲ್ಲ ಅಂತ. ಸ್ವಲ್ಪ ಬೋವೈನ್ ಸೀರಮ್ ಆಲ್ಬ್ಯುಮಿನ್ ಹಾಕಿ ನೋಡಿ, ಎಷ್ಟೋ ಸಲ ಸರಿಹೋಗತ್ತೆ.

ಕೊನೇದು ಬ್ಲ್ಯಾಂಕ್. ನೀವು ಬಳಸೋ ಟ್ಯಾಕ್ ಪಾಲಿಮರೇಸ್ ಎಂಜೈಮನ್ನ ಸಾಮಾನ್ಯವಾಗಿ ತಯಾರಿಸೋದೇ ಇ ಕೊಲೈ ಒಳಗೆ! ಎಷ್ಟು ಶುದ್ಧ ಮಾಡಿದ್ರೂ ಅದರ ಡಿಎನ್‌ಎ ಚೂರುಪಾರು ಉಳ್ಕೊಂಡಿರತ್ತೆ, 16ಎಸ್ ಪ್ರೈಮರ್ ಹೆಚ್ಚೂಕಡಿಮೆ ಎಲ್ಲಾ ಬ್ಯಾಕ್ಟೀರಿಯಾನೂ ಹಿಡಿಯೋದ್ರಿಂದ ಅದನ್ನೂ ಹಿಡಿಯತ್ತೆ. ಕಿಟ್ಟಿನ ಕಾಲಮ್, ಬಫರ್, ನೀರು, ಎಲ್ಲದ್ರಲ್ಲೂ ಇಂಥದ್ದು ಇರ್ಬಹುದು. ಡಿಎನ್‌ಎ ತೆಗೆದ ಎಂಜೈಮ್ ಸಿಗತ್ತೆ, ಅದನ್ನ ತರಿಸಿ. ಬ್ಲ್ಯಾಂಕನ್ನ ಪಿಸಿಆರ್ ಹಂತದಲ್ಲಿ ಮಾತ್ರ ಇಡ್ಬೇಡಿ, ರಕ್ತದ ಬದಲು ಶುದ್ಧ ನೀರು ಹಾಕಿ ಮೊದಲ ಹೆಜ್ಜೆಯಿಂದಲೇ ಒಂದು ಬ್ಲ್ಯಾಂಕ್ ನಡೆಸಿ, ಎಲ್ಲಿ ಸೇರ್ತಿದೆ ಅಂತ ಗೊತ್ತಾಗತ್ತೆ. ಪಿಸಿಆರ್ ಮಿಕ್ಸ್ ಮಾಡೋ ಜಾಗ, ಡಿಎನ್‌ಎ ತೆಗೆಯೋ ಜಾಗ, ಪಿಸಿಆರ್ ಆದ ಮೇಲೆ ಟ್ಯೂಬ್ ತೆರೆಯೋ ಜಾಗ ಬೇರೆ ಬೇರೆ ಇರ್ಲಿ, ಒಂದೇ ಪಿಪೆಟ್ ಎಲ್ಲಾ ಕಡೆ ಓಡಾಡ್ಬಾರದು. ಅಷ್ಟಾದ್ರೂ ಸಿಗ್ನಲ್ ಪೂರ್ತಿ ಹೋಗ್ದೇ ಇರ್ಬಹುದು, ಆಗ ಬ್ಲ್ಯಾಂಕ್ ಎಷ್ಟನೇ ಸೈಕಲ್‌ಗೆ (ಪ್ರತಿ ಮಾಡೋ ಸುತ್ತಿಗೆ) ಏಳತ್ತೆ ಅನ್ನೋದನ್ನ ಹತ್ತಾರು ಸಲ ನೋಡಿ ಅದಕ್ಕಿಂತ ಸ್ಪಷ್ಟವಾಗಿ ಮುಂಚೆ ಬಂದಿದ್ದನ್ನ ಮಾತ್ರ ಪಾಸಿಟಿವ್ ಅನ್ನಿ. ಆಮೇಲೆ "ಎಂಎಲ್‌ಗೆ 10" ಹಾಕಿದ್ದೀನಿ ಅನ್ನೋದನ್ನ ಪ್ರತಿ ಸಲ ಪ್ಲೇಟಲ್ಲಿ ಬೆಳೆಸಿ ಎಣಿಸಿ ಖಾತ್ರಿ ಮಾಡ್ಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಕಲ್ಚರ್ ನೆಗೆಟಿವ್, ಆದ್ರೆ ರಕ್ತದ ಡಿಎನ್‌ಎ ಟೆಸ್ಟಲ್ಲಿ ಕ್ಲೆಬ್ಸಿಯೆಲ್ಲಾ ಅಂತ ಬಂದಿದೆ. ಯಾವುದನ್ನ ನಂಬ್ಬೇಕು?

ಎರಡೂ ನಿಜ ಆಗಿರ್ಬಹುದು, ಯಾಕಂದ್ರೆ ಎರಡೂ ಕೇಳೋ ಪ್ರಶ್ನೆನೇ ಬೇರೆ. ಕಲ್ಚರ್ ಕೇಳೋದು ಬೆಳೆಯಬಲ್ಲ ಜೀವಂತ ಬ್ಯಾಕ್ಟೀರಿಯಾ ಇದೆಯಾ ಅಂತ. ಡಿಎನ್‌ಎ ಟೆಸ್ಟ್ ಕೇಳೋದು ಅದರ ಡಿಎನ್‌ಎ ಇದೆಯಾ ಅಂತ, ಸತ್ತಿದ್ರೂ ಸರಿ, ಬಿಳಿ ಕಣ ನುಂಗಿದ್ದಾದ್ರೂ ಸರಿ. ಅಮ್ಮನಿಗೆ ರಕ್ತ ತೆಗೆಯೋ ಮುಂಚೆನೇ ಆಂಟಿಬಯೋಟಿಕ್ ಕೊಟ್ಟಿದ್ರಾ ಅಂತ ಕೇಳಿ. ಕೊಟ್ಟಿದ್ರೆ ಬ್ಯಾಕ್ಟೀರಿಯಾ ಸತ್ತು ಅಥವಾ ಮುದುಡಿ ಬಾಟಲಿಲಿ ಬೆಳೆಯದೆ, ಡಿಎನ್‌ಎ ಮಾತ್ರ ಸಿಕ್ಕಿರೋದು ತುಂಬಾ ಸಾಮಾನ್ಯ, ಅಂಥ ಕಡೆ ಈ ಟೆಸ್ಟ್ ನಿಜವಾಗ್ಲೂ ಉಪಕಾರಿ.

ಇನ್ನು ಯಾವ ಹೆಸರು ಬಂತು ಅನ್ನೋದೂ ನೋಡ್ಬೇಕು. ಕ್ಲೆಬ್ಸಿಯೆಲ್ಲಾ ಚರ್ಮದಿಂದ ಬಂದು ಸೇರೋ ಜಾತಿ ಅಲ್ಲ, ಮೂತ್ರದಲ್ಲೋ ಶ್ವಾಸಕೋಶದಲ್ಲೋ ಪಿತ್ತಕೋಶದಲ್ಲೋ ಸೋಂಕಿನ ಲಕ್ಷಣ ಇದ್ರೆ ಡಾಕ್ಟರ್ ಇದನ್ನ ಗಂಭೀರವಾಗೇ ತಗೋತಾರೆ. ಅದೇ ಚರ್ಮದ ಮೇಲಿರೋ ಸ್ಟಫೈಲೋಕಾಕಸ್ ಎಪಿಡರ್ಮಿಡಿಸ್ ಅಂತ ಒಂದೇ ಸ್ಯಾಂಪಲಲ್ಲಿ ಬಂದಿದ್ರೆ ಅನುಮಾನ ಪಡ್ಬೇಕು. ಬಾಟಲಿಯಿಂದ ಮಾಡೋ ಪಿಸಿಆರಲ್ಲಿ ಇನ್ನೊಂದು ತೊಡಕಿದೆ, ಬಾಟಲಿಯ ದ್ರವ ತಯಾರಾಗೋವಾಗಲೇ ಅದರಲ್ಲಿ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಉಳಿದಿರ್ಬಹುದು, ಸ್ಟೆರಿಲೈಸ್ ಮಾಡಿದ್ರೆ ಬ್ಯಾಕ್ಟೀರಿಯಾ ಸಾಯತ್ತೆ, ಡಿಎನ್‌ಎ ಎಲ್ಲಾ ಹೋಗಲ್ಲ. ಅದಕ್ಕೇ ಗ್ರಾಮ್ ಸ್ಟೇನಲ್ಲಿ ಕಂಡಿದ್ದಕ್ಕೂ ಪಿಸಿಆರ್ ಹೆಸರಿಗೂ ತಾಳೆ ಆಗತ್ತಾ ಅಂತ ಲ್ಯಾಬಿನವರು ನೋಡಲೇಬೇಕು. ಎರಡು ರಿಪೋರ್ಟ್ ಹಿಡ್ಕೊಂಡು ನೀವೇ ತೀರ್ಮಾನಕ್ಕೆ ಬರ್ಬೇಡಿ, ಔಷಧಿ ನಿಲ್ಲಿಸ್ಬೇಡಿ.

ಇದರ ಉಲ್ಟಾನೂ ಆಗತ್ತೆ, ಡಿಎನ್‌ಎ ನೆಗೆಟಿವ್, ಕಲ್ಚರ್ ಪಾಸಿಟಿವ್. ಆ ಪಟ್ಟೀಲಿ ಇಲ್ಲದ ಜಾತಿ ಇರ್ಬಹುದು, ಇಲ್ಲಾ ಆ ಟ್ಯೂಬಿಗೆ ಬ್ಯಾಕ್ಟೀರಿಯಾ ಬಂದೇ ಇರಲಿಕ್ಕಿಲ್ಲ. ಅದಕ್ಕೇ ಡಿಎನ್‌ಎ ಟೆಸ್ಟ್ ಮಾಡಿಸಿದ್ರೂ ಕಲ್ಚರ್ ಬಿಡೋ ಹಾಗಿಲ್ಲ.

ಪ್ರಶ್ನೆ: ಡಿಎನ್‌ಎ ಟೆಸ್ಟಲ್ಲೇ ಯಾವ ಆಂಟಿಬಯೋಟಿಕ್ ಕೆಲಸ ಮಾಡತ್ತೆ ಅಂತನೂ ಗೊತ್ತಾಗತ್ತಂತೆ, ಹೌದಾ?

ಅರ್ಧ ಹೌದು. ಮೆಕ್‌ಎ ಜೀನ್ ಸಿಕ್ರೆ ಆ ಸ್ಟಫೈಲೋಕಾಕಸ್ ಪೆನಿಸಿಲಿನ್ ಗುಂಪಿನ ಬಹುಪಾಲು ಔಷಧಿಗೆ ಬಗ್ಗಲ್ಲ, ವ್ಯಾನ್‌ಎ ಸಿಕ್ರೆ ಎಂಟೆರೋಕಾಕಸ್ ವ್ಯಾಂಕೋಮೈಸಿನ್‌ಗೆ ಬಗ್ಗಲ್ಲ, ಕೆಪಿಸಿ, ಎನ್‌ಡಿಎಂ, ಓಎಕ್ಸ್‌ಎ-48 ಥರದ ಜೀನ್ ಸಿಕ್ರೆ ಮೆರೋಪೆನೆಮ್ ಅನ್ನೋ ಬಲವಾದ ಆಂಟಿಬಯೋಟಿಕ್ ನಂಬ್ಕೊಂಡು ಕೂರೋ ಹಾಗಿಲ್ಲ. ಈ ಸುದ್ದಿ ಒಂದು ದಿನ ಮುಂಚೆ ಸಿಕ್ಕಿದ್ರೆ ಅದು ದೊಡ್ಡ ಲಾಭ.

ಆದ್ರೆ ಜೀನ್ ಸಿಗ್ಲಿಲ್ಲ ಅಂದ್ರೆ ಔಷಧಿ ಕೆಲಸ ಮಾಡತ್ತೆ ಅಂತ ಅರ್ಥ ಅಲ್ಲ, ಇದನ್ನ ದಪ್ಪ ಅಕ್ಷರದಲ್ಲಿ ಬರೀಬೇಕು ಅನ್ಸತ್ತೆ ನನಗೆ. ಸ್ಯೂಡೋಮೊನಾಸ್ ಇಂಥ ಯಾವ ಜೀನೂ ಇಲ್ದೇ, ಔಷಧಿ ಒಳಗೆ ಬರೋ ರಂಧ್ರ ಮುಚ್ಚಿ, ಬಂದಿದ್ದನ್ನ ಪಂಪ್ ಮಾಡಿ ಹೊರಗೆಸೆದು ಬದುಕ್ಕೊಳ್ಳತ್ತೆ, ಅದು ಯಾವ ಪಟ್ಟೀಲೂ ಬರಲ್ಲ. ಒಂದೇ ಬಾಟಲಿಲಿ ಎರಡು ಜಾತಿ ಬೆಳೆದಿದ್ರೆ ಸಿಕ್ಕ ಜೀನ್ ಯಾವುದರದ್ದು ಅಂತಾನೂ ಗೊಂದಲ. ಹಾಗಾಗಿ ಬ್ಯಾಕ್ಟೀರಿಯಾನ ಬೆಳೆಸಿ, ಔಷಧಿ ಮುಂದಿಟ್ಟು ಸಾಯತ್ತಾ ಅಂತ ನೋಡೋ ಹಳೇ ಪದ್ಧತಿ ಇನ್ನೂ ಬೇಕೇ ಬೇಕು.

ಪ್ರಶ್ನೆ: ಹುಟ್ಟಿ ನಾಲ್ಕು ದಿನದ ಮಗುವಿಗೆ ಸೋಂಕಿನ ಅನುಮಾನ ಅಂತ ರಕ್ತ ತಗೊಂಡ್ರು. ಅಷ್ಟು ಸಣ್ಣ ಕೂಸಿಂದ ಎಷ್ಟು ತಾನೇ ತೆಗೆಯೋಕಾಗತ್ತೆ, ಡಿಎನ್‌ಎ ಟೆಸ್ಟ್ ಒಳ್ಳೇದಲ್ವಾ?

ಕೂಸಿಂದ ಒಂದು ಎಂಎಲ್ ಆದ್ರೂ ತೆಗೀಬೇಕು ಅಂತಾರೆ, ಕಷ್ಟಪಟ್ಟಾದ್ರೂ. 2017ರ ಕಾಕ್ರೇನ್ (ಹಲವು ಅಧ್ಯಯನ ಒಟ್ಟುಗೂಡಿಸಿ ತೂಗೋ ಸಂಸ್ಥೆ) ವಿಮರ್ಶೇಲಿ ನವಜಾತ ಶಿಶುಗಳ ಇಂಥ ಟೆಸ್ಟ್‌ಗಳನ್ನೆಲ್ಲಾ ಒಟ್ಟು ಸೇರಿಸಿ ನೋಡಿದಾಗ ಕಲ್ಚರಲ್ಲಿ ಸಿಕ್ಕ ಸೋಂಕುಗಳಲ್ಲಿ ಸುಮಾರು ಶೇಕಡಾ 90ರಷ್ಟನ್ನ ಅವು ಹಿಡಿದಿದ್ವು. ಕೇಳೋಕೆ ಚೆನ್ನಾಗಿದೆ, ಆದ್ರೆ ನೂರು ಸೋಂಕಿತ ಕೂಸುಗಳಲ್ಲಿ ಹತ್ತು ಬಿಟ್ಟುಹೋಗತ್ತೆ ಅಂತಾನೂ ಅರ್ಥ, ಅದನ್ನ ಯಾವ ಮಕ್ಕಳ ಡಾಕ್ಟರೂ ಒಪ್ಪಲ್ಲ. ಕಲ್ಚರ್ ಜೊತೆಗೆ ಮಾಡಿದ್ರೆ ಸಹಾಯ, ಬದಲಿಗೆ ಅಲ್ಲ.

ಪ್ರಶ್ನೆ: ಅಣ್ಣನಿಗೆ ಹೃದಯದ ಕವಾಟಕ್ಕೆ ಸೋಂಕು ಅಂತಿದ್ದಾರೆ, ಮೂರು ಸಲ ಕಲ್ಚರ್ ಮಾಡಿದ್ರೂ ಏನೂ ಬೆಳೀತಿಲ್ಲ. ಇಂಥದ್ದಕ್ಕೆ ಡಿಎನ್‌ಎ ಟೆಸ್ಟ್ ಸಹಾಯ ಆಗತ್ತಾ?

ಆಗತ್ತೆ, ಡಿಎನ್‌ಎ ಟೆಸ್ಟಿನ ನಿಜವಾದ ಬಲ ಕಾಣೋದು ಇಂಥ ಕಡೆನೇ. ಕಾಕ್ಸಿಯೆಲ್ಲಾ, ಬಾರ್ಟೊನೆಲ್ಲಾ, ಟ್ರೋಫೆರಿಮಾ ವಿಪ್ಲಿ ಅಂತ ಕೆಲವಿವೆ, ಮಾಮೂಲಿ ಕಲ್ಚರ್ ಬಾಟಲಿಲಿ ಬೆಳೆಯೋದೇ ಇಲ್ಲ ಅನ್ನೋಷ್ಟು ಕಷ್ಟ. ಕವಾಟದ ಸೋಂಕನ್ನ ಖಚಿತಪಡಿಸೋಕೆ ಬಳಸೋ, 2023ರಲ್ಲಿ ಬದಲಾದ ಡ್ಯೂಕ್ ಮಾನದಂಡದಲ್ಲಿ ಈ ಮೂರರ ಡಿಎನ್‌ಎ ರಕ್ತದಲ್ಲಿ ಪಿಸಿಆರಿಂದ ಸಿಕ್ರೆ ಅದನ್ನ ಮುಖ್ಯ ಸಾಕ್ಷಿ ಅಂತಾನೇ ಒಪ್ಕೊಂಡಿದ್ದಾರೆ. ಅಣ್ಣನಿಗೆ ಆಪರೇಷನ್ ಮಾಡಿ ಕವಾಟ ಬದಲಾಯಿಸೋದಾದ್ರೆ ತೆಗೆದ ಕವಾಟದ ತುಣುಕನ್ನ ಪೂರ್ತಿ ಫಾರ್ಮಲಿನ್‌ಗೆ ಹಾಕದೆ ಸ್ವಲ್ಪ ಹಾಗೇ ಲ್ಯಾಬಿಗೆ ಕಳಿಸೋಕೆ ಆಗತ್ತಾ ಅಂತ ಆಪರೇಷನ್ ಮುಂಚೆನೇ ಕೇಳಿ. ಬ್ಯಾಕ್ಟೀರಿಯಾ ಗುಂಪುಗಟ್ಟಿ ಕೂತಿರೋದು ಅಲ್ಲೇ, 16ಎಸ್ ಪಿಸಿಆರ್‌ಗೆ ರಕ್ತಕ್ಕಿಂತ ಅದು ಎಷ್ಟೋ ಒಳ್ಳೇ ಸ್ಯಾಂಪಲ್. ಫಾರ್ಮಲಿನ್ ಡಿಎನ್‌ಎನ ಹಾಳು ಮಾಡತ್ತೆ. ಮುಂಚೆ ಕೊಟ್ಟ ಆಂಟಿಬಯೋಟಿಕ್ ಚೀಟಿಗಳನ್ನೆಲ್ಲಾ ಡಾಕ್ಟರಿಗೆ ತೋರ್ಸಿ, ಕಲ್ಚರ್ ಬೆಳೆಯದೆ ಇರೋದಕ್ಕೆ ಎಷ್ಟೋ ಸಲ ಅದೇ ಕಾರಣ.

ಪ್ರಶ್ನೆ: ರಕ್ತದಲ್ಲಿರೋ ಎಲ್ಲಾ ಡಿಎನ್‌ಎನೂ ಓದಿಬಿಡೋ ಸೀಕ್ವೆನ್ಸಿಂಗ್ ಬಂದಿದೆಯಲ್ಲ, ಇನ್ನು ಪಟ್ಟಿ ಗಿಟ್ಟಿ ಯಾಕೆ?

ಬಂದಿದೆ, ಪ್ಲಾಸ್ಮಾದಲ್ಲಿ ತೇಲೋ ಡಿಎನ್‌ಎ ಚೂರುಗಳನ್ನ ಓದಿ ಯಾವ ರೋಗಾಣು ಅಂತ ಹೇಳೋ ಟೆಸ್ಟ್‌ಗಳಿವೆ, ಏನು ಹುಡುಕ್ಬೇಕು ಅಂತ ಮೊದಲೇ ಗೊತ್ತಿಲ್ಲದ ರೋಗಿಗಳಿಗೆ ಇದರಿಂದ ದಾರಿ ಸಿಕ್ಕಿದ್ದಿದೆ. ಆದ್ರೆ ಓದಿದ್ದರಲ್ಲಿ ಬಹುಪಾಲು ನಮ್ಮದೇ ಡಿಎನ್‌ಎ, ಉಳಿದ ಚೂರಲ್ಲಿ ರಿಯೇಜೆಂಟಿಂದ ಬಂದದ್ದೆಷ್ಟು, ಬಾಯಿ ಕರುಳಿಂದ ಸುಮ್ನೆ ಸೋರಿದ್ದೆಷ್ಟು, ರೋಗದ್ದೆಷ್ಟು ಅಂತ ವಿಂಗಡಿಸೋದು ಪರಿಣತರ ಕೆಲಸ, ಖರ್ಚೂ ಹೆಚ್ಚು. ಸದ್ಯಕ್ಕೆ ಆಯ್ದ ರೋಗಿಗಳಿಗೆ ಮಾತ್ರ.

ಪ್ರಶ್ನೆ: ನಾನು ಒಂದು ಆಸ್ಪತ್ರೆ ಲ್ಯಾಬ್ ನೋಡ್ಕೊಳ್ತೀನಿ. ಒಂದು ಗಂಟೇಲಿ ರಿಪೋರ್ಟ್ ಕೊಡೋ ಪಿಸಿಆರ್ ಮಷೀನ್ ತರಿಸಿದ್ವಿ. ರಿಪೋರ್ಟ್ ಬೇಗ ಹೋಗ್ತಿದೆ, ಆದ್ರೆ ರೋಗಿಗಳಿಗೆ ಏನೂ ವ್ಯತ್ಯಾಸ ಆಗಿಲ್ಲ ಅಂತ ಮ್ಯಾನೇಜ್‌ಮೆಂಟ್ ಅಂತಿದೆ. ಏನು ಹೇಳ್ಲಿ?

ಅವರ ಮಾತು ತಳ್ಳಿಹಾಕೋ ಹಾಗಿಲ್ಲ ಸಾರ್. 2015ರಲ್ಲಿ ಪ್ರಕಟವಾದ ಒಂದು ಟ್ರಯಲಲ್ಲಿ ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿ ನೋಡಿದ್ರು: ಮಾಮೂಲಿ ಪದ್ಧತಿ, ಬರೀ ಪಿಸಿಆರ್, ಪಿಸಿಆರ್ ಜೊತೆಗೆ ರಿಪೋರ್ಟ್ ನೋಡಿ ಔಷಧಿ ಬಗ್ಗೆ ಸಲಹೆ ಕೊಡೋ ತಂಡ. ಅನಗತ್ಯ ಔಷಧಿ ಬೇಗ ಇಳಿಸೋದ್ರಲ್ಲಿ ಎದ್ದು ಕಂಡಿದ್ದು ತಂಡ ಇದ್ದ ಮೂರನೇ ಗುಂಪು. ಸಾವಿನ ಪ್ರಮಾಣದಲ್ಲಿ ಮೂರಕ್ಕೂ ವ್ಯತ್ಯಾಸ ಕಾಣಲಿಲ್ಲ. 2017ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಸಾವು ಕಡಿಮೆಯಾಗಿದ್ದು ಕಂಡಿತು, ಅದೂ ಇಂಥ ತಂಡ ಇದ್ದ ಕಡೆ, ಇಲ್ಲದ ಕಡೆ ಸ್ಪಷ್ಟವಾಗಿ ಕಾಣಲಿಲ್ಲ.

ನಿಮ್ಮಲ್ಲಿ ರಾತ್ರಿ ಎರಡು ಗಂಟೆಗೆ ಬಾಟಲಿ ಬೀಪ್ ಅಂದ್ರೆ ಯಾರು ತೆಗೀತಾರೆ, ಅಥವಾ ಬೆಳಗ್ಗೆ ಎಂಟಕ್ಕೆ ಬರೋರಿಗೆ ಕಾಯತ್ತಾ? ವಾರ್ಡಿಂದ ತುಂಬಿದ ಬಾಟಲಿ ಲ್ಯಾಬಿಗೆ ಬರೋಕೆ ಎಷ್ಟು ಹೊತ್ತು, ಎಲ್ಲಾದ್ರೂ ಟ್ರೇಯಲ್ಲಿ ಕೂತಿರತ್ತಾ? ರಿಪೋರ್ಟ್ ಕಂಪ್ಯೂಟರಿಗೆ ಹಾಕಿ ಸುಮ್ನಾಗ್ತಾರಾ, ಇಲ್ಲಾ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಹೆಸರು ಟೈಮು ಬರ್ಕೊಳ್ತಾರಾ? "ಮೆಕ್‌ಎ ಡಿಟೆಕ್ಟೆಡ್" ಅಂತ ಬರೀ ಎರಡು ಪದ ಕಳಿಸಿದ್ರೆ ಮೊದಲ ವರ್ಷದ ರೆಸಿಡೆಂಟ್‌ಗೆ ಏನು ಮಾಡ್ಬೇಕು ಅಂತ ಹೊಳೆಯಲ್ಲ, ಜೊತೆಗೆ ಯಾವ ಔಷಧಿ ಬಿಟ್ಟು ಯಾವುದನ್ನ ಯೋಚಿಸಿ ಅಂತ ಒಂದು ಸಾಲು ಬೇಕು.

ಮ್ಯಾನೇಜ್‌ಮೆಂಟ್‌ಗೆ ಮೂರು ಅವಧಿ ಅಳೆದು ತೋರ್ಸಿ. ರಕ್ತ ತೆಗೆದಾಗಿಂದ ಬಾಟಲಿ ಮಷೀನಿಗೆ ಹೋಗೋವರೆಗೆ, ಬೀಪಿಂದ ರಿಪೋರ್ಟ್‌ವರೆಗೆ, ರಿಪೋರ್ಟಿಂದ ಔಷಧಿ ಬದಲಾಗೋವರೆಗೆ. ನಿಮ್ಮ ಹೊಸ ಮಷೀನ್ ಕಡಿಮೆ ಮಾಡೋದು ನಡುವಿನದ್ದನ್ನ ಮಾತ್ರ. ಮೂರನೇದರ ಲೆಕ್ಕ ಲ್ಯಾಬಲ್ಲಿ ಸಿಗಲ್ಲ, ವಾರ್ಡಿನ ಔಷಧಿ ಚಾರ್ಟ್ ತರಿಸಿ ಕಳೆದ ಒಂದು ತಿಂಗಳ ಪಾಸಿಟಿವ್ ರೋಗಿಗಳದ್ದು ಒಬ್ಬೊಬ್ಬರದ್ದಾಗಿ ಕೂತು ನೋಡ್ಬೇಕು, ಮೊದ್ಲು ಆ ಕೆಲಸ ಶುರು ಮಾಡಿ.